ಕಾದಂಬರಿ ಬರೆಯುವವರು ತಿಂಗಳ ಲೆಕ್ಕ ಇಡುವ ಬಗೆ

ಕಾದಂಬರಿಯ ಮೊದಲ ಕರಡನ್ನು ಮುಗಿಸಲು ಕೆಲವರಿಗೆ ಆರು ತಿಂಗಳು ಸಾಕಾಗುತ್ತದೆ, ಕೆಲವರಿಗೆ ಮೂರು ವರ್ಷವೂ ಸಾಲುವುದಿಲ್ಲ. ಇಷ್ಟು ದೀರ್ಘವಾದ ಕೆಲಸದಲ್ಲಿ ನಾವು ಎಲ್ಲಿದ್ದೇವೆ ಎಂಬುದು ಒಂದು ದಿನದ ಬರವಣಿಗೆಯಿಂದ ತಿಳಿಯುವುದಿಲ್ಲ. ಒಳ್ಳೆಯ ದಿನವೊಂದು ಇಲ್ಲದ ಭರವಸೆಯನ್ನು ಹುಟ್ಟಿಸಿದರೆ, ಕೆಟ್ಟ ದಿನವೊಂದು ಇಡೀ ಕೃತಿಯೇ ಕೈತಪ್ಪಿತೆಂಬ ಭಯವನ್ನು ಹುಟ್ಟಿಸುತ್ತದೆ. ವರ್ಷದ ಕೊನೆಯವರೆಗೆ ಕಾದರೆ ಯಾವ ಅಧ್ಯಾಯ ಏಕೆ ನಿಧಾನವಾಯಿತೆಂಬುದು ಮರೆತೇ ಹೋಗಿರುತ್ತದೆ. ತಿಂಗಳು ಇವೆರಡರ ನಡುವಿನ ಹದವಾದ ಅವಧಿ. ಮೂರು ಕಾದಂಬರಿಗಳ ಕರಡನ್ನು ಬರೆಯುವಾಗ ನಾನು ಇಟ್ಟುಕೊಂಡು ಬಂದ ತಿಂಗಳ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಲೆಕ್ಕ ಎಂದೊಡನೆ ಪದಗಳ ಎಣಿಕೆ ನೆನಪಿಗೆ ಬರುವುದು ಸಹಜ. ಆದರೆ ಎಣಿಕೆಯ ಪಕ್ಕದಲ್ಲಿ ಕಾರಣವನ್ನೂ ಬರೆದಿಡದಿದ್ದರೆ ಆ ಅಂಕಿ ಬರೆಯುವವರ ದಾರಿ ತಪ್ಪಿಸುತ್ತದೆ ಎಂಬುದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ.

ಮೊದಲಿಗೆ ದಿನದ ನಮೂದು. ಇದಕ್ಕೆ ಒಂದು ನೋಟ್‌ಬುಕ್ ಸಾಕು. ಕಂಪ್ಯೂಟರಿನಲ್ಲಿ ಬರೆಯುವವರು ಎಕ್ಸೆಲ್ ಹಾಳೆಯನ್ನೂ ಬಳಸಬಹುದು. ಕುಳಿತ ಮತ್ತು ಎದ್ದ ಸಮಯ, ಬರೆದ ಪದಗಳು, ತೆಗೆದುಹಾಕಿದ ಪದಗಳು, ಕೆಲಸ ಮಾಡಿದ ಅಧ್ಯಾಯ ಮತ್ತು ದೃಶ್ಯ, ಕೊನೆಗೆ ಎರಡು ಮೂರು ಸಾಲಿನ ಟಿಪ್ಪಣಿ: ಇಷ್ಟನ್ನು ಮೇಜಿನಿಂದ ಏಳುವ ಮುನ್ನವೇ ಬರೆಯಬೇಕು. ರಾತ್ರಿ ಬರೆಯೋಣವೆಂದು ಬಿಟ್ಟರೆ ಟಿಪ್ಪಣಿ ಸಪ್ಪೆಯಾಗುತ್ತದೆ. ‘ಇಂದು ಚೆನ್ನಾಗಿ ಬಂತು’ ಎಂಬ ಸಾಲು ತಿಂಗಳ ಕೊನೆಯಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ‘ಅಕ್ಕ ಊಟಕ್ಕೆ ಕರೆಯುವವರೆಗೆ ಸಲೀಸಾಗಿ ಬಂತು, ಪತ್ರದ ವಿಷಯ ಎತ್ತಿದ ಮೇಲೆ ಇಬ್ಬರೂ ಒಂದೇ ದನಿಯಲ್ಲಿ ಮಾತಾಡತೊಡಗಿದರು’ ಎಂದು ಬರೆದಿಟ್ಟರೆ, ಮೂರು ತಿಂಗಳ ನಂತರವೂ ಆ ದೃಶ್ಯದ ತೊಂದರೆ ಎಲ್ಲಿ ಶುರುವಾಯಿತೆಂಬುದು ಕೂಡಲೇ ಗೊತ್ತಾಗುತ್ತದೆ.

ಬರೆಯದ ದಿನಗಳನ್ನೂ ಬಿಡದೆ ನಮೂದಿಸಬೇಕು, ಅದೂ ಬೇರ್ಪಡಿಸಿ. ಜ್ವರ ಬಂದು ಮಲಗಿದ್ದಕ್ಕೋ ಪ್ರಯಾಣದಲ್ಲಿದ್ದುದಕ್ಕೋ ಸೊನ್ನೆಯಾದ ದಿನ ಒಂದು ಬಗೆಯದು. ಎರಡು ಗಂಟೆ ಕುಳಿತು ಒಂದು ಸಾಲೂ ನಿಲ್ಲದೆ ಸೊನ್ನೆಯಾದ ದಿನ ಇನ್ನೊಂದು ಬಗೆಯದು. ಮೊದಲನೆಯದು ಬದುಕಿನ ಲೆಕ್ಕಕ್ಕೆ ಸೇರಿದ್ದು, ಅದರಲ್ಲಿ ಕಾದಂಬರಿಯ ತಪ್ಪಿಲ್ಲ. ಎರಡನೆಯ ಬಗೆಯ ಸೊನ್ನೆಗಳು ಒಂದೇ ವಾರದಲ್ಲಿ ಮೂರು ಬಂದರೆ ಕಥೆಯೊಳಗೆ ಏನೋ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು.

ಪದಗಳ ಗುರಿಯ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ ಅಗತ್ಯ. ಮೂವತ್ತು ದಿನಗಳಲ್ಲಿ 50,000 ಪದ ಬರೆಯುವ, 1999ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಬೇರೆ ದೇಶಗಳಿಗೂ ಹರಡಿದ ಸವಾಲು ದಿನಕ್ಕೆ ಸುಮಾರು 1,667 ಪದಗಳನ್ನು ಕೇಳುತ್ತಿತ್ತು. ಅದು ಇಂಗ್ಲಿಷಿನ ಅಳತೆ. ನಮ್ಮಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮನೆಯೊಳಗಿನಿಂದ’ ಎಂಬುದು ಒಂದೇ ಪದ, ‘ಬಂದುಬಿಟ್ಟಿದ್ದಾನಂತೆ’ ಎಂಬುದೂ ಒಂದೇ ಪದ, ಆದರೆ ಇವನ್ನು ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದಗಳಾದರೂ ಬೇಕು. ಅದೇ ಹರವಿನ ದೃಶ್ಯ ಕನ್ನಡದಲ್ಲಿ ಗಮನಾರ್ಹವಾಗಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಹೊರಗಿನ ಅಂಕಿಯನ್ನು ತಂದು ತಮ್ಮ ಮೇಲೆ ಹೇರಿಕೊಳ್ಳುವ ಬದಲು, ಮೊದಲ ತಿಂಗಳು ಯಾವ ಗುರಿಯನ್ನೂ ಇಟ್ಟುಕೊಳ್ಳದೆ ಬರೆದು, ಆ ತಿಂಗಳ ಸರಾಸರಿಯನ್ನೇ ಎರಡನೆಯ ತಿಂಗಳ ಗುರಿಯಾಗಿ ಮಾಡಿಕೊಳ್ಳುವುದು ಒಳ್ಳೆಯದು. ನನ್ನ ಮೂರನೆಯ ಕಾದಂಬರಿಯ ಮೊದಲ ತಿಂಗಳು 20 ದಿನ ಕುಳಿತು 11,000 ಪದ ಬರೆದಿದ್ದೆ, ಅಂದರೆ ದಿನಕ್ಕೆ 550. ಅದನ್ನು 1,000ಕ್ಕೆ ಏರಿಸಬೇಕೆಂಬ ಆಸೆಯಿತ್ತು. ಏರಿಸದೆ ಉಳಿದದ್ದರಿಂದಲೇ ಆ ಕರಡು ಮುಗಿಯಿತು ಎಂದು ಈಗಲೂ ನಂಬಿದ್ದೇನೆ.

ಅಂಕಿಗಳನ್ನು ಬರೆದಿಡುವ ಅಭ್ಯಾಸ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರಿಯ ಜೊತೆಗೆ ಬರೆಯುತ್ತಿದ್ದವರು. ಪುಟಕ್ಕೆ 250 ಪದವೆಂದು ಎಣಿಸಿ ವಾರಕ್ಕೆ ಸರಾಸರಿ 40 ಪುಟಗಳ ದಾಖಲೆ ಇಡುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದು 1883ರಲ್ಲಿ, ಅವರು ತೀರಿಕೊಂಡ ಮರುವರ್ಷ ಪ್ರಕಟವಾಯಿತು. ಅರ್ನೆಸ್ಟ್ ಹೆಮಿಂಗ್ವೇ ರಟ್ಟಿನ ಪೆಟ್ಟಿಗೆಯೊಂದರ ಪಕ್ಕವನ್ನು ಕತ್ತರಿಸಿ ಅದರ ಮೇಲೆ ದಿನದ ಪದಸಂಖ್ಯೆಯನ್ನು ಬರೆದು ಗೋಡೆಗೆ ಆನಿಸಿದ್ದರು. ಅವರನ್ನು ಸಂದರ್ಶಿಸಿದವರು ಕಂಡ ಅಂಕಿಗಳು 450, 575, 462, 1250, ಮತ್ತೆ 512 ಎಂದಿದ್ದವು. ಆ 1250ನ್ನು ಕಂಡು ಬೆರಗಾಗುವುದಕ್ಕಿಂತ ಮರುದಿನದ 512ನ್ನು ಗಮನಿಸುವುದು ಹೊಸ ಬರಹಗಾರರಿಗೆ ಹೆಚ್ಚು ಪ್ರಯೋಜನಕಾರಿ.

ಇನ್ನು ತಿಂಗಳ ಕೊನೆಯ ಕೆಲಸ. ಒಂದು ಗಂಟೆ ಬಿಡುವು ಮಾಡಿಕೊಂಡು ಕುಳಿತಾಗ ಒಟ್ಟು ಮೊತ್ತವನ್ನು ಮೊದಲು ಕೂಡಿಸಬಾರದು. ಆ ತಿಂಗಳ ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಓದಬೇಕು. ಮೊತ್ತ ಕಣ್ಣಿಗೆ ಬಿದ್ದರೆ ಅದರ ಸಂತೋಷವೋ ನಿರಾಶೆಯೋ ಟಿಪ್ಪಣಿಗಳ ಓದನ್ನು ಬಣ್ಣಗೆಡಿಸುತ್ತದೆ. ಓದುವಾಗ ಯಾವ ಪಾತ್ರದ ಹೆಸರು ಬಂದ ಕಡೆಯಲ್ಲೆಲ್ಲ ಬರವಣಿಗೆ ಸರಾಗವಾಗಿತ್ತು, ಯಾವ ದೃಶ್ಯವನ್ನು ಎರಡಕ್ಕಿಂತ ಹೆಚ್ಚು ಸಲ ಮುಟ್ಟಬೇಕಾಯಿತು, ಬರೆಯಬೇಕೆಂದುಕೊಂಡು ತಪ್ಪಿಸಿಕೊಂಡದ್ದು ಯಾವುದು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಆಮೇಲೆ ಮೊತ್ತ ಕೂಡಿಸಿ, ಅರ್ಧ ಪುಟದಷ್ಟು ತಿಂಗಳ ವರದಿಯನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ವಾಕ್ಯ ಪೂರ್ಣವಾಗಬೇಕೆಂದರೆ ಕಾರಣವನ್ನು ಹೇಳಲೇಬೇಕಾಗುತ್ತದೆ, ತುಂಡು ಪದಗಳಲ್ಲಿ ಅದನ್ನು ಮರೆಮಾಚುವುದು ಸುಲಭ.

ಇದರ ಬೆಲೆ ನನಗೆ ತಿಳಿದದ್ದು ಅದೇ ಮೂರನೆಯ ಕಾದಂಬರಿಯ ನಾಲ್ಕನೆಯ ತಿಂಗಳಲ್ಲಿ. ಆ ತಿಂಗಳು ಬರೆದದ್ದು 5,100 ಪದ, ತೆಗೆದದ್ದು 3,800, ಉಳಿದದ್ದು 1,300. ಅಂಕಿಯನ್ನಷ್ಟೇ ನೋಡಿದ್ದರೆ ಸೋಮಾರಿತನವೆಂದು ನನ್ನನ್ನು ನಾನೇ ದೂಷಿಸಿಕೊಂಡು, ಮುಂದಿನ ತಿಂಗಳು ಹೆಚ್ಚು ಹೊತ್ತು ಕೂರುವ ನಿರ್ಧಾರ ಮಾಡುತ್ತಿದ್ದೆ. ಎರಡನೆಯ ಕಾದಂಬರಿಯಲ್ಲಿ ಮಾಡಿದ್ದೂ ಅದನ್ನೇ, ಅದರಿಂದ ಐದು ತಿಂಗಳು ವ್ಯರ್ಥವಾಗಿತ್ತು. ಈ ಸಲ ಟಿಪ್ಪಣಿಗಳನ್ನು ಓದಿದಾಗ, 17 ದಿನಗಳಲ್ಲಿ 11 ದಿನ ನಾನು ಎಂಟನೆಯ ಅಧ್ಯಾಯದ ಒಂದೇ ಜಗಳದ ದೃಶ್ಯವನ್ನು ಬರೆದು ಅಳಿಸುತ್ತಿದ್ದುದು ಕಂಡಿತು. ದೃಶ್ಯದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆಗ ಹಿಂದಕ್ಕೆ ಹೋಗಿ, ಟಿಪ್ಪಣಿಯಲ್ಲಿ ‘ಸಲೀಸಾಗಿ ಬಂತು’ ಎಂಬ ಅರ್ಥದ ಮಾತಿರುವ ಕೊನೆಯ ದೃಶ್ಯವನ್ನು ಹುಡುಕಿದೆ. ಅದು ಆರನೆಯ ಅಧ್ಯಾಯದ ನಡುವಿನಲ್ಲಿತ್ತು. ಅಲ್ಲಿಂದ ಮುಂದಕ್ಕೆ ಓದುತ್ತ ಬಂದಾಗ, ತಮ್ಮನ ಪಾತ್ರ ತನಗೆ ಬೇಕಾದದ್ದನ್ನು ಕೇಳುವುದನ್ನು ನಿಲ್ಲಿಸಿ, ನನಗೆ ಬೇಕಾದ ಘಟನೆಯ ಕಡೆಗೆ ನಡೆಯತೊಡಗಿದ ವಾಕ್ಯವೇ ಸಿಕ್ಕಿತು. ಜಗಳ ಆಡಲು ಅವನಿಗೆ ಕಾರಣವೇ ಇರಲಿಲ್ಲ. ಏಳನೆಯ ಅಧ್ಯಾಯದ ಒಂಬತ್ತು ಪುಟಗಳನ್ನು ತೆಗೆದ ಮೇಲೆ ಆ ದೃಶ್ಯ ಎರಡು ದಿನಗಳಲ್ಲಿ ಮುಗಿಯಿತು.

ಕರಡು ನಿಂತುಹೋದಾಗ ಇದನ್ನೇ ಒಂದು ಕ್ರಮವಾಗಿ ಅನುಸರಿಸಬಹುದು. ನಿಂತ ಜಾಗವನ್ನು ಉಜ್ಜುವುದನ್ನು ಬಿಟ್ಟು, ಸರಾಗವಾಗಿ ಬಂದ ಕೊನೆಯ ದೃಶ್ಯಕ್ಕೆ ಹಿಂತಿರುಗಬೇಕು. ಅಲ್ಲಿಂದ ಪ್ರತಿ ದೃಶ್ಯದಲ್ಲೂ ಮುಖ್ಯ ಪಾತ್ರಕ್ಕೆ ಆ ಹೊತ್ತಿನಲ್ಲಿ ಬೇಕಾದದ್ದೇನು, ಅದಕ್ಕೆ ಅಡ್ಡ ಬಂದದ್ದೇನು ಎಂದು ಅಂಚಿನಲ್ಲಿ ಒಂದೊಂದು ಸಾಲು ಬರೆಯಬೇಕು. ಆ ಸಾಲು ಹೊಳೆಯದ ಮೊದಲ ದೃಶ್ಯದಲ್ಲಿಯೇ ಬಹುಮಟ್ಟಿಗೆ ತೊಂದರೆಯಿರುತ್ತದೆ. ನನ್ನ ದಾಖಲೆಗಳಲ್ಲಿ ಅದು ನಿಂತ ಜಾಗದಲ್ಲೇ ಇದ್ದದ್ದು ಅಪರೂಪ.

ಹಾಗೆಂದು ಸಣ್ಣಪುಟ್ಟ ಬದಲಾವಣೆಗಳಿಗೆಲ್ಲ ಹಿಂದಕ್ಕೆ ಹೋಗುತ್ತಿದ್ದರೆ ಕರಡು ಎಂದೂ ಮುಗಿಯದು. ಒಂಬತ್ತನೆಯ ಅಧ್ಯಾಯ ಬರೆಯುವಾಗ ಸೋದರಮಾವ ಚಿಕ್ಕಪ್ಪನಾಗಬೇಕೆಂದು ಹೊಳೆದರೆ, ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇಟ್ಟುಕೊಂಡ ಬದಲಾವಣೆಯ ಪಟ್ಟಿಯಲ್ಲಿ ಅದನ್ನು ಬರೆದು, ಮೊದಲಿನಿಂದಲೂ ಅವನು ಚಿಕ್ಕಪ್ಪನೇ ಆಗಿದ್ದನೆಂಬಂತೆ ಮುಂದುವರಿಯಬೇಕು. ಹೆಸರು, ವಯಸ್ಸು, ಋತು, ಮನೆಯ ಬಾಗಿಲ ದಿಕ್ಕು ಇವೆಲ್ಲ ಪಟ್ಟಿಗೆ ಸೇರುವ ವಿಷಯಗಳು. ನಿರೂಪಣೆ ‘ನಾನು’ ಎಂಬುದರಿಂದ ‘ಅವಳು’ ಎಂಬುದಕ್ಕೆ ಬದಲಾಗಬೇಕೆನಿಸಿದರೆ ಮಾತ್ರ ಪಟ್ಟಿ ಸಾಲದು, ಏಕೆಂದರೆ ಅದು ಪ್ರತಿ ವಾಕ್ಯದ ದನಿಯನ್ನೂ ಬದಲಿಸುತ್ತದೆ. ಆಗಲೂ ಬರೆದದ್ದನ್ನೆಲ್ಲ ತಿದ್ದದೆ, ಒಂದೇ ಅಧ್ಯಾಯವನ್ನು ಹೊಸ ದನಿಯಲ್ಲಿ ಬರೆದು ನೋಡಿ, ಅದು ಹಿಡಿಸಿದರೆ ಅಲ್ಲಿಂದ ಮುಂದಕ್ಕೆ ಆ ದನಿಯಲ್ಲೇ ಸಾಗುವುದು ಕ್ಷೇಮ.

ತೆಗೆದ ಭಾಗಗಳನ್ನು ಅಳಿಸದೆ ಬೇರೊಂದು ಕಡತದಲ್ಲಿ ದಿನಾಂಕದೊಂದಿಗೆ ಇಡಬೇಕು. ಅವುಗಳಿಂದ ನಾನು ಮರಳಿ ಬಳಸಿಕೊಂಡದ್ದು ತೀರ ಕಡಿಮೆ. ಆದರೂ ಅವು ಎಲ್ಲೋ ಇವೆ ಎಂಬ ಧೈರ್ಯದಿಂದಲೇ ಒಂಬತ್ತು ಪುಟಗಳನ್ನು ಒಂದೇ ದಿನ ತೆಗೆಯಲು ಸಾಧ್ಯವಾಯಿತು. ತಿಂಗಳಿಗೊಮ್ಮೆ ಇಡೀ ಕರಡನ್ನು ಬೇರೆ ಹೆಸರಿನಲ್ಲಿ ಉಳಿಸಿ, ಕಂಪ್ಯೂಟರಿನ ಹೊರಗೂ ಒಂದು ಪ್ರತಿ ಇಡುವುದನ್ನು ಮರೆಯಬಾರದು.

ದಿನದ ಬರವಣಿಗೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಲೆಕ್ಕದಲ್ಲಿ ಕಾಣುವ ವಿಷಯವೇ. ಮುಂದೇನಾಗುತ್ತದೆಂದು ಗೊತ್ತಿರುವಾಗಲೇ ನಿಲ್ಲಿಸುತ್ತಿದ್ದೆನೆಂದು ಹೆಮಿಂಗ್ವೇ ಹೇಳಿದ್ದರು. ಅಧ್ಯಾಯ ಮುಗಿಸಿಯೇ ಏಳುವ ಹಟ ನನಗಿತ್ತು. ಆದರೆ ಅಧ್ಯಾಯ ಮುಗಿದ ಮರುದಿನಗಳ ಪದಸಂಖ್ಯೆ ಉಳಿದ ದಿನಗಳ ಅರ್ಧವನ್ನೂ ಮುಟ್ಟುತ್ತಿರಲಿಲ್ಲವೆಂಬುದು ಎರಡು ತಿಂಗಳ ನಮೂದುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ತಿಳಿಯಿತು. ಈಗ ಅಧ್ಯಾಯ ಮುಗಿದರೆ ಮುಂದಿನದರ ಮೊದಲ ಪ್ಯಾರಾವನ್ನು ಒರಟಾಗಿಯಾದರೂ ಬರೆದೇ ಏಳುತ್ತೇನೆ. ಶುರು ಮಾಡುವುದೇ ಕಷ್ಟವಾಗುವವರಿಗೆ ಜಾನ್ ಸ್ಟೈನ್‌ಬೆಕ್ ಅವರ ದಾರಿಯಿದೆ: 1951ರಲ್ಲಿ ತಮ್ಮ ದೊಡ್ಡ ಕಾದಂಬರಿಯೊಂದನ್ನು ಬರೆಯುವಾಗ ಅವರು ನೋಟ್‌ಬುಕ್ಕಿನ ಎಡಪುಟದಲ್ಲಿ ತಮ್ಮ ಸಂಪಾದಕರಿಗೆ ಪತ್ರ ಬರೆದು, ಕೈ ಪಳಗಿದ ಮೇಲೆ ಬಲಪುಟದಲ್ಲಿ ಕಾದಂಬರಿಯನ್ನು ಬರೆಯುತ್ತಿದ್ದರು.

ಕರಡು ಎಂದು ಮುಗಿಯಬಹುದೆಂಬ ಅಂದಾಜನ್ನು ಮೂರು ತಿಂಗಳು ಕಳೆಯುವ ಮುನ್ನ ಮಾಡಬಾರದು, ಮಾಡುವಾಗ ಅತ್ಯುತ್ತಮ ತಿಂಗಳನ್ನು ಆಧಾರವಾಗಿ ಇಟ್ಟುಕೊಳ್ಳಬಾರದು. ಕಳೆದ ಮೂರು ತಿಂಗಳಲ್ಲಿ ಉಳಿದ ಪದಗಳು 11,200, 6,400, 9,400 ಎಂದಾದರೆ ಸರಾಸರಿ 9,000. ಇನ್ನು 36,000 ಪದ ಬಾಕಿಯಿದೆಯೆಂದು ತೋರಿದರೆ ನಾಲ್ಕು ತಿಂಗಳು, ಅದರ ಮೇಲೆ ಸಿಕ್ಕುಗಳಿಗೆಂದು ಇನ್ನೊಂದು ತಿಂಗಳು. ಕಾದಂಬರಿಯ ನಡುಭಾಗದಲ್ಲಿ ಈ ಸರಾಸರಿ ಇಳಿಯುವುದು ಸಾಮಾನ್ಯ: ಆರಂಭದ ಹುರುಪು ತೀರಿರುತ್ತದೆ, ಕೊನೆ ಇನ್ನೂ ಕಾಣಿಸುತ್ತಿರುವುದಿಲ್ಲ, ಹೂಡಿದ ಎಳೆಗಳೆಲ್ಲ ಒಟ್ಟಿಗೆ ಉತ್ತರ ಕೇಳುತ್ತಿರುತ್ತವೆ. ಈ ಹಂತದಲ್ಲಿಯೇ ಹೆಚ್ಚಿನವರು ಹೊಸ ಕಾದಂಬರಿಯ ಯೋಚನೆಗೆ ಮರುಳಾಗಿ ಕೈಯಲ್ಲಿರುವುದನ್ನು ಬಿಟ್ಟುಬಿಡುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಹೊಸ ಯೋಚನೆಯನ್ನು ಒಂದು ಪುಟದಲ್ಲಿ ಬರೆದು ಮಡಚಿಡಿ. ಇಳಿದ ಸರಾಸರಿಯನ್ನು ತಿಂಗಳ ವರದಿಯಲ್ಲಿ ಇದ್ದ ಹಾಗೆಯೇ ದಾಖಲಿಸಿ, ಬರೆಯುವ ಹೊತ್ತನ್ನು ಮಾತ್ರ ಬದಲಿಸಬೇಡಿ.

ಮೊದಲ ಕರಡು ಮುಗಿದ ದಿನ ಕೊನೆಯ ನಮೂದನ್ನು ಬರೆದು, ಹಸ್ತಪ್ರತಿಯನ್ನು ಕನಿಷ್ಠ ಆರು ವಾರ ತೆರೆಯದೆ ಇಡಬೇಕು. ಆ ಅವಧಿ ಕಳೆದ ಮೇಲೆ ಮೊದಲು ಓದಬೇಕಾದದ್ದು ಕರಡನ್ನಲ್ಲ, ತಿಂಗಳ ವರದಿಗಳನ್ನು. ಎರಡಕ್ಕಿಂತ ಹೆಚ್ಚು ಸಲ ಮುಟ್ಟಿದ ದೃಶ್ಯಗಳು, ತಪ್ಪಿಸಿಕೊಂಡ ದೃಶ್ಯಗಳು ಮತ್ತು ಬದಲಾವಣೆಯ ಪಟ್ಟಿ ಈ ಮೂರನ್ನು ಒಂದು ಹಾಳೆಗೆ ಇಳಿಸಿಕೊಂಡರೆ ಎರಡನೆಯ ಕರಡಿನ ಕೆಲಸದ ನಕ್ಷೆ ಸಿದ್ಧವಾಗುತ್ತದೆ. ಅಲ್ಲಿಂದ ಪದಗಳ ಎಣಿಕೆಯನ್ನು ನಿಲ್ಲಿಸಿ, ದಿನಕ್ಕೆ ಎಷ್ಟು ಗಂಟೆ ಕುಳಿತಿರಿ, ಯಾವ ದೃಶ್ಯ ಇತ್ಯರ್ಥವಾಯಿತು ಎಂಬುದನ್ನಷ್ಟೇ ಬರೆಯಿರಿ; ತಿದ್ದುವಾಗ ಪದಗಳು ಹೆಚ್ಚಿದರೂ ಕಡಿಮೆಯಾದರೂ ಅದರಿಂದ ಕೆಲಸದ ಅಳತೆ ಸಿಗುವುದಿಲ್ಲ.