99 ದಿನದ ದೊರೆಯ ಒಂದು ಪವನ್

‘ಎಷ್ಟು ಪವನ್ ಮಗಾ?’ ಜರ್ಮನಿಯ ಹಳೇ ಚಿನ್ನದ ನಾಣ್ಯ ತಗೊಂಡೆ ಅಂದ ಕೂಡಲೇ ಅಮ್ಮ ಫೋನಿನಲ್ಲಿ ಕೇಳಿದ್ದು ಇದೊಂದೇ. ಹೆಚ್ಚುಕಡಿಮೆ ಒಂದು ಪವನ್, ಅಂದರೆ ಎಂಟು ಗ್ರಾಂ, ಅಂದೆ. ಸುಳ್ಳೇನಲ್ಲ. ನಾನು ಕೊಂಡದ್ದು 20 ಮಾರ್ಕ್‌ದು, ಮಾರ್ಕ್ ಅಂದರೆ ಆಗಿನ ಜರ್ಮನಿಯ ದುಡ್ಡು. ಆ ನಾಣ್ಯದ ತೂಕ 7.965 ಗ್ರಾಂ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಿನ್ನ, ಉಳಿದದ್ದು ತಾಮ್ರ.

ನನ್ನದು 1888ರದ್ದು. ಆ ವರ್ಷ ಜರ್ಮನಿ ಮೂವರು ಚಕ್ರವರ್ತಿಗಳನ್ನು ಕಂಡಿತು. ಮಾರ್ಚ್ 9ಕ್ಕೆ ಮುದುಕ ಒಂದನೇ ವಿಲ್ಹೆಲ್ಮ್ ತೀರಿಕೊಂಡ. ಮಗ ಮೂರನೇ ಫ್ರೀಡ್ರಿಖ್ ಪಟ್ಟಕ್ಕೆ ಬಂದ. ಜೂನ್ 15ಕ್ಕೆ ಅವನೂ ಹೋದ. ಆಮೇಲೆ ಮೊಮ್ಮಗ ಎರಡನೇ ವಿಲ್ಹೆಲ್ಮ್. ಒಂದೇ ಇಸವಿ ಹಾಕಿಕೊಂಡು ಮೂವರ ತಲೆಯ ನಾಣ್ಯಗಳೂ ಬಂದಿವೆ. ನನಗೆ ಬೇಕಿದ್ದದ್ದು ನಡುವಿನವನದ್ದು.

99 ದಿನದ ದೊರೆ ಅಂದರೆ ನಾಣ್ಯ ಅಪರೂಪ, ರೇಟು ಆಕಾಶದಲ್ಲಿ ಅಂದುಕೊಂಡಿದ್ದೆ. ಹಾಗೇನಿಲ್ಲ. ಬರ್ಲಿನ್ ಟಂಕಸಾಲೆ ಇವನ 20 ಮಾರ್ಕನ್ನು 50 ಲಕ್ಷಕ್ಕೂ ಜಾಸ್ತಿ ಹೊಡೆದಿದೆ. ಚೆನ್ನಾಗಿ ಉಳಿದಿರುವ ನಾಣ್ಯವೇ ಸಿಗುತ್ತದೆ, ಅವಸರ ಬೇಡ.

ಅವಸರದ ಪಾಠ ಮೊದಲೇ ಆಗಿತ್ತು. ಅದಕ್ಕೂ ಮುಂಚೆ ಒಂದನೇ ವಿಲ್ಹೆಲ್ಮನ ನಾಣ್ಯವೊಂದನ್ನು ಬರೀ ಫೋಟೋ ನೋಡಿ ಕೊಂಡಿದ್ದೆ. ಮನೆಗೆ ಬಂದ ಮೇಲೆ ತೂಗಿದರೆ 8.02 ಗ್ರಾಂ. ನೂರು ವರ್ಷ ಸವೆದ ನಾಣ್ಯ ತೂಕ ಕಳೆದುಕೊಳ್ಳಬೇಕು, ಇದು ದಪ್ಪಗಾಗಿದೆ! ಭೂತಗನ್ನಡಿ ಹಿಡಿದಾಗ ಗೊತ್ತಾಯಿತು. ತಲೆಯ ಮೇಲ್ಭಾಗದ ಅಂಚಿನಲ್ಲಿ ಬೆಸುಗೆಯ ಚೂರು. ಯಾರೋ ಕೊಂಡಿ ಹಾಕಿಸಿ ಸರಕ್ಕೆ ಪೋಣಿಸಿದ್ದರು, ನಮ್ಮ ಕಾಸಿನ ಸರದ ಹಾಗೆ. ಚಿನ್ನ ಅಸಲಿಯೇ, ಆದರೆ ಸಂಗ್ರಹಕಾರರು ಇಂಥದ್ದನ್ನು ಮೂಸಿಯೂ ನೋಡಲ್ಲ.

ಹಾಗಾಗಿ ಈ ಸಲ ತಕ್ಕಡಿ, ಕ್ಯಾಲಿಪರ್ ಎರಡನ್ನೂ ಅಂಗಡಿಗೇ ಒಯ್ದೆ. ಅಡ್ಡಳತೆ 22.5 ಮಿಲಿಮೀಟರ್, ಸರಿ. ತೂಕ 7.95, ಸರಿ. ಆಮೇಲೆ ಅಂಚು. 20 ಮಾರ್ಕಿನ ಅಂಚಿನಲ್ಲಿ ಸುತ್ತಲೂ ‘ಗಾಟ್ ಮಿಟ್ ಉನ್ಸ್’ ಅಂತ ಬರೆದಿರುತ್ತದೆ, ದೇವರು ನಮ್ಮ ಜೊತೆ ಅಂತ. ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದೆ. ಅಕ್ಷರ ಎಲ್ಲೂ ಮಸುಕಾಗಿರಲಿಲ್ಲ, ಬೆಸುಗೆಯ ಗುರುತೂ ಇರಲಿಲ್ಲ. ತಲೆಯ ಕೆಳಗೆ ಪುಟ್ಟ ‘ಎ’ ಅಕ್ಷರ, ಅದು ಬರ್ಲಿನ್‌ನ ಗುರುತು.

ಮನೆಯಲ್ಲಿ ನೀರಿನ ಪರೀಕ್ಷೆಯನ್ನೂ ಮಾಡಿದೆ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಬೇಕು. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ಮುಳುಗಿಸಬೇಕು. ಮೊದಲ ಸಲ ಗಾಳಿಗುಳ್ಳೆ ಅಂಟಿಕೊಂಡು ಲೆಕ್ಕ ತಪ್ಪಿತು. ಎರಡನೇ ಸಲ 0.46 ಗ್ರಾಂ ಬಂತು. 7.95ನ್ನು ಅದರಿಂದ ಭಾಗಿಸಿದರೆ 17.28, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ. ಈ ಮಿಶ್ರಲೋಹಕ್ಕೆ 17.2ರ ಆಸುಪಾಸು ಬರಬೇಕು. ಹಿತ್ತಾಳೆಯಾಗಿದ್ದರೆ ಒಂಬತ್ತನ್ನೂ ದಾಟುತ್ತಿರಲಿಲ್ಲ. ಒರೆಸುವಾಗ ಮಾತ್ರ ಉಜ್ಜಬೇಡಿ, ಮೆತ್ತನೆಯ ಬಟ್ಟೆ ಒತ್ತಿ ನೀರು ತೆಗೆಯಿರಿ. ಹುಣಸೆಹಣ್ಣು, ಬೂದಿ ಅಂತೂ ಹತ್ತಿರವೇ ಬೇಡ.

ಇಷ್ಟಾದ ಮೇಲೆ ಸುಮ್ನೆ ಕೂತು ಮುಖ ನೋಡಿದೆ. ಈ ಮನುಷ್ಯನಿಗೆ ಗಂಟಲ ಕ್ಯಾನ್ಸರ್. 1887ರಲ್ಲಿ ವೈದ್ಯರೊಳಗೇ ಜಗಳ. ಜರ್ಮನ್ ವೈದ್ಯರು ಕತ್ತರಿಸಿ ತೆಗೆಯೋಣ ಅಂದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ ಬೇಡ ಅಂದ. ಗಂಟಲಿನ ಚೂರು ನೋಡಿದ ದೊಡ್ಡ ವಿಜ್ಞಾನಿ ವಿರ್ಕೊಗೂ ಕ್ಯಾನ್ಸರ್ ಕಾಣಲಿಲ್ಲ. 1888ರ ಫೆಬ್ರುವರಿಯಲ್ಲಿ ಇಟಲಿಯ ಸಾನ್ ರೆಮೊದಲ್ಲಿ ಉಸಿರಾಟಕ್ಕೆ ಕುತ್ತಿಗೆ ಕೊಯ್ದು ನಳಿಗೆ ಹಾಕಬೇಕಾಯಿತು. ಅಲ್ಲಿಗೆ ಮಾತು ನಿಂತಿತು. ಚಕ್ರವರ್ತಿ ಆದಾಗ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದ.

ನಾಣ್ಯದಲ್ಲಿ ಇದ್ಯಾವುದೂ ಇಲ್ಲ. ಬಲಕ್ಕೆ ತಿರುಗಿದ ಗಟ್ಟಿ ತಲೆ, ಸುತ್ತ ಬಿರುದು. ಭೂತಗನ್ನಡಿಯಲ್ಲಿ ಗಡ್ಡದ ಒಂದೊಂದು ಎಳೆಯೂ ಕಾಣುತ್ತದೆ. ಆ ಗಡ್ಡ ಇಳಿದು ಗಂಟಲನ್ನು ಪೂರ್ತಿ ಮುಚ್ಚಿದೆ.