ಬನಹಟ್ಟಿಯ ಬಣ್ಣದ ನೀರಿಗೆ ಇದ್ದಿಲ ಮಣಿ: ನನ್ನ ಅನುಭವ

ಬನಹಟ್ಟಿಯಲ್ಲಿ ನಮ್ಮ ಕಾಕಾ ಮೂವತ್ತು ವರ್ಷದಿಂದ ನೂಲಿಗೆ ಬಣ್ಣ ಹಾಕುತ್ತಾರೆ. ಕೆಂಪು ಲಡಿ ತೊಳೆದ ದಿನ ಹಿತ್ತಲ ಗಟಾರವೆಲ್ಲ ಕೆಂಪು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. "ಊರ ಹುಡುಗರಿಗೆಲ್ಲಾ ಪಾಠ ಹೇಳ್ತಿ, ನಮ್ಮ ಈ ನೀರಿಗೆ ಏನರ ಮಾಡೋ ತಮ್ಮಾ" ಅಂತ ಅವರು ಅಂದಾಗ ನನಗೆ ಸುಮ್ಮನೆ ಕೂಡಲು ಆಗಲಿಲ್ಲ.

ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ, ಪೂರ್ತಿ ಹತ್ತುವುದಿಲ್ಲ. ಬಣ್ಣದ ಜಾತಿ ನೋಡಿ ನೂರಕ್ಕೆ 10ರಿಂದ 40 ಪಾಲು ನೀರಿನಲ್ಲೇ ಉಳಿಯುತ್ತದೆ, ಬೇಗ ಕೊಳೆಯುವುದೂ ಇಲ್ಲ. ಇದ್ದಿಲು ಅದನ್ನು ಹೀರುತ್ತದೆ. ಆದರೆ ನುಣ್ಣನೆಯ ಇದ್ದಿಲ ಪುಡಿ ಹಾಕಿದರೆ ಸೋಸಿ ತೆಗೆಯುವುದೇ ಇನ್ನೊಂದು ಪಾಡು. ಆದ್ದರಿಂದ ಪುಡಿಯನ್ನು ಸಣ್ಣ ಸಣ್ಣ ತೂತುಗಳಿರುವ ಮಣಿಯೊಳಗೆ ಹಿಡಿದಿಡುವ ವಿಚಾರ ಮಾಡಿದೆ.

ಇದ್ದಿಲಿಗೆ ಕಬ್ಬಿನ ಸಿಪ್ಪೆ. ನಮ್ಮ ಕಡೆ ಅದಕ್ಕೇನು ಬರ? ಒಣಗಿಸಿ, ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಮುಚ್ಚಿದ ಪಾತ್ರೆಯಲ್ಲಿ 450-500 ಡಿಗ್ರಿಯಲ್ಲಿ ಒಂದು ತಾಸು ಸುಟ್ಟೆ. ನೀಲಿ ಲಿಟ್ಮಸ್ ಕೆಂಪಾಗುವುದು ನಿಲ್ಲುವ ತನಕ ಬಿಸಿನೀರಿನಲ್ಲಿ ತೊಳೆದೆ. ರಿಯಾಕ್ಟಿವ್ ಬಣ್ಣದ ಅಣುಗಳು ದೊಡ್ಡವು, 2 ನ್ಯಾನೋಮೀಟರಿಗಿಂತ ಕಿರಿದಾದ ತೂತಿನಲ್ಲಿ ಅವಕ್ಕೆ ಜಾಗ ಸಾಲದು. ಆಮ್ಲದಲ್ಲಿ ನೆನೆಸಿ ಸುಟ್ಟರೆ ಅದಕ್ಕಿಂತ ದೊಡ್ಡ ತೂತುಗಳೂ ಸಿಗುತ್ತವೆ.

ಮೊದಲ ಮಣಿಗಳನ್ನು ಕಡಲಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್‌ನಿಂದ ಕಟ್ಟಿದೆ. ಇದ್ದಿಲು ಬೆರೆಸಿದ ಅಂಟನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿ ಬಿಟ್ಟರೆ ಬೂಂದಿ ಕಾಳಿನ ಹಾಗೆ ಮಣಿ ಕೂಡುತ್ತದೆ. ಲ್ಯಾಬಿನಲ್ಲಿ ಪರೀಕ್ಷೆಗೆ ಬಳಸುವ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ನೀರನ್ನು ಅವು ಸೊಗಸಾಗಿ ತಿಳಿಯಾಗಿಸಿದವು. ಖುಷಿಯಿಂದ ಬನಹಟ್ಟಿಗೆ ಒಯ್ದು ಕಾಕಾನ ತೊಟ್ಟಿಯ ನೀರಿಗೆ ಹಾಕಿದೆ. ಮರುದಿನ ಮುಂಜಾನೆ ಬಕೆಟ್ಟಿನಲ್ಲಿ ಮಣಿಗಳೇ ಇರಲಿಲ್ಲ. ತಳದಲ್ಲಿ ಕರಿ ರಾಡಿ, ಮೇಲೆ ನಿನ್ನಿನದೇ ಕೆಂಪು.

ತಪ್ಪು ನನ್ನದೇ. ತೊಟ್ಟಿಯ ನೀರಿನಲ್ಲಿ ಬಣ್ಣ ಹತ್ತಿಸಲು ಹಾಕಿದ ಉಪ್ಪು, ವಾಷಿಂಗ್ ಸೋಡಾ ಎರಡೂ ತುಂಬಿರುತ್ತವೆ. ಉಪ್ಪಿನ ಸೋಡಿಯಂ ಮಣಿಯ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ, ಸೋಡಾ ಅದನ್ನು ಸುಣ್ಣದ ಕಲ್ಲಾಗಿ ಕೂರಿಸುತ್ತದೆ, ಕಟ್ಟು ಬಿಚ್ಚುತ್ತದೆ. ಮೇಲಾಗಿ ಮಿಥಿಲೀನ್ ಬ್ಲೂಗೆ ಧನ ಆವೇಶ, ರಿಯಾಕ್ಟಿವ್ ಬಣ್ಣಕ್ಕೆ ಋಣ ಆವೇಶ. ಆಲ್ಜಿನೇಟ್ ಕೂಡ ಋಣವೇ, ದೂರ ತಳ್ಳದೆ ಇನ್ನೇನು ಮಾಡೀತು? ಲ್ಯಾಬಿನ ಬಣ್ಣದಲ್ಲಿ ಪಾಸಾದ ಮಣಿಯನ್ನು ಆ ದಿನದಿಂದ ನಾನು ನಂಬುವುದಿಲ್ಲ. ಯಾವ ತೊಟ್ಟಿಗೆ ಮಾಡುತ್ತೀರೋ ಅದೇ ತೊಟ್ಟಿಯ ನೀರು ತಂದು ಮೊದಲು ನೋಡಿ.

ಎರಡನೇ ಸಲ ಸೀಗಡಿ ಚಿಪ್ಪಿನಿಂದ ಬರುವ ಕೈಟೋಸಾನ್ ತೆಗೆದುಕೊಂಡೆ. ಹುಳಿ ನೀರಿನಲ್ಲಿ ಅದಕ್ಕೆ ಧನ ಆವೇಶ, ಋಣದ ಬಣ್ಣವನ್ನು ತಾನೇ ಎಳೆಯುತ್ತದೆ. 100 ಮಿಲಿ ನೀರಿಗೆ 2 ಮಿಲಿ ಅಸಿಟಿಕ್ ಆಮ್ಲ, 2 ಗ್ರಾಂ ಕೈಟೋಸಾನ್, ರಾತ್ರಿಯಿಡೀ ಕರಗಿಸಿ 2 ಗ್ರಾಂ ಇದ್ದಿಲು. ಸಿರಿಂಜಿನಿಂದ 4 ಶೇಕಡಾ ಕಾಸ್ಟಿಕ್ ಸೋಡಾ ನೀರಿಗೆ ಹನಿಸಿದೆ. ಹುಳಿ ನೀರಿನಲ್ಲಿ ಕರಗದಿರಲೆಂದು ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದ ತೆಳು ದ್ರಾವಣದಲ್ಲಿ ನೆನೆಸಿ ಬಿಗಿ ಮಾಡಿದೆ. ಅದರ ಆವಿ ಕಣ್ಣು ಉರಿಸುತ್ತದೆ. ಗ್ಲೌಸ್, ಕನ್ನಡಕ ಬೇಕೇ ಬೇಕು. ಮಣಿಯನ್ನು ಹತ್ತಾರು ಸಲ ತೊಳೆಯಬೇಕು.

ಆ ಮಣಿಗಳನ್ನು ಬಿಸಿಲಿಗೆ ಒಣಗಿಸಿದ್ದು ಇನ್ನೊಂದು ತಪ್ಪು. ಸಾಸಿವೆಯಷ್ಟಕ್ಕೆ ಮುರುಟಿ, ತೂತು ಮುಚ್ಚಿ, ಬಣ್ಣ ಎಳೆಯುವುದೇ ಕಡಿಮೆಯಾಯಿತು. ಈಗ ನೀರಿನಲ್ಲೇ ಇಡುತ್ತೇನೆ.

ತೊಟ್ಟಿಯ ನೀರಿಗೆ ಆಮ್ಲ ಹಾಕಿ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗೆ ಹುಳಿ) 5-6ಕ್ಕೆ ಇಳಿಸಿ, ಮಣಿ ತುಂಬಿದ ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ ನಿಧಾನ ಇಳಿಬಿಟ್ಟೆ. ಕಾಕಾ ಕೆಳಗೆ ಗಾಜಿನ ಲೋಟ ಹಿಡಿದು, ಅದರ ಹಿಂದೆ ಪೇಪರ್ ಇಟ್ಟು ಓದಿ ನೋಡಿದರು. "ಅಕ್ಷರ ಕಾಣತಾವಲೇ!"

ಮಣಿ ತುಂಬಿಕೊಂಡಾಗ ಕಾಸ್ಟಿಕ್ ನೀರು ಹಾಯಿಸಿದರೆ ಬಣ್ಣ ಬಿಡುತ್ತದೆ, ಮತ್ತೆ ಬಳಸಬಹುದು, ಹೀರುವ ಶಕ್ತಿ ಮಾತ್ರ ಪ್ರತಿ ಸಲ ಒಂದಿಷ್ಟು ಇಳಿಯುತ್ತದೆ. ಹೊರಬರುವ ಗಟ್ಟಿ ಬಣ್ಣದ ನೀರನ್ನು ಗಟಾರಕ್ಕೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಅದನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ಬಿಸಿಲಿಗೆ ಇಂಗಿಸಿ, ಉಳಿದ ಪುಡಿಯನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇವೆ.

ಉಪ್ಪನ್ನು ಈ ಮಣಿ ಮುಟ್ಟುವುದಿಲ್ಲ, ಹೊಲಕ್ಕೆ ಬಿಡುವಂಥ ನೀರು ಇದಲ್ಲ. ಆದರೆ ಬಣ್ಣ ಹತ್ತಲು ಉಪ್ಪು ಹೇಗೂ ಬೇಕೇ ಬೇಕು. ಕಾಕಾ ಈಗ ಅದೇ ತಿಳಿ ನೀರಿನಲ್ಲಿ ಮುಂದಿನ ಕೆಂಪು ಲಡಿ ಅದ್ದುತ್ತಾರೆ, ಉಪ್ಪನ್ನು ಕೈ ಹಿಡಿದು ಹಾಕುತ್ತಾರೆ.