ಮಗುವಿನ ಬೆನ್ನಿನ ಆಪರೇಷನ್: ಏನು ಮಾಡ್ತೀರಿ ಅಷ್ಟೇ ಅಲ್ಲ, ಏನು ಬಿಡ್ತೀರಿ ಅಂತಲೂ ಕೇಳಿ

ವಿಜಯಪುರದ ನಮ್ಮ ಓಣಿಯಲ್ಲಿ ಒಬ್ಬ ತಾಯಿ 11 ವರ್ಷದ ಮಗಳಿಗೆ ಜಡೆ ಹಾಕುತ್ತಿದ್ದರು. ಬಲ ಭುಜ ಎಡಕ್ಕಿಂತ ಎರಡು ಬೆರಳು ಮೇಲಿತ್ತು. ಶಾಲೆ ಚೀಲದ ಭಾರ ಅಂದುಕೊಂಡರು. ಅದಲ್ಲ, ಬೆನ್ನುಮೂಳೆಯೇ ಪಕ್ಕಕ್ಕೆ ಬಾಗಿತ್ತು. ಇದಕ್ಕೆ ಸ್ಕೋಲಿಯೋಸಿಸ್ ಅನ್ನುತ್ತಾರೆ.

ಮೊದಲು ಮನೆಯಲ್ಲೇ ನೋಡಿ. ಮಗು ಕಾಲು ಜೋಡಿಸಿ, ಮೊಣಕಾಲು ಮಡಚದೆ ಮುಂದಕ್ಕೆ ಬಾಗಲಿ. ನೀವು ಹಿಂದೆ ಕೂತು ಬರಿ ಬೆನ್ನು ನೋಡಿ. ಒಂದು ಬದಿ ಉಬ್ಬಿ ಕಂಡರೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿಯೊಳಗಿದ್ದರೆ ಚಿಂತೆ ಬೇಡ. 25ರಿಂದ 40 ಇದ್ದು ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್, ಅಂದರೆ ಮೈಗೆ ಬಿಗಿಯಾಗಿ ತೊಡಿಸುವ ಗಟ್ಟಿ ಕವಚ. 50ರ ಹತ್ತಿರ ಬಂದರೆ ಆಪರೇಷನ್ ಮಾತು ಬರುತ್ತದೆ.

ಈ ಆಪರೇಷನ್‌ನಲ್ಲಿ ಬಾಗಿದ ಕಡೆಯ ಬೆನ್ನುಮೂಳೆಗಳನ್ನು ಆದಷ್ಟು ನೇರ ಮಾಡಿ ಒಂದಕ್ಕೊಂದು ಬೆಸೆಯುತ್ತಾರೆ. ಆಗ ಮೊದಲು ಕೇಳಬೇಕಾದದ್ದು: ಎಷ್ಟು ಮೂಳೆ ಬೆಸೆಯುತ್ತೀರಿ? ಬೆಸೆದ ಭಾಗ ಮತ್ತೆ ಬೆಳೆಯುವುದಿಲ್ಲ, ಬಾಗುವುದೂ ಇಲ್ಲ. ತೀರಾ ಚಿಕ್ಕ ಮಕ್ಕಳಿಗೆ ಎದೆಗೂಡು, ಶ್ವಾಸಕೋಶ ಇನ್ನೂ ಬೆಳೆಯಬೇಕಲ್ವಾ? ಅದಕ್ಕೇ ಅವರಿಗೆ ಬೆಸೆಯುವುದನ್ನು ಮುಂದೂಡಿ, ಆಗಾಗ ಉದ್ದ ಮಾಡಬಹುದಾದ ರಾಡ್ ಹಾಕುವುದುಂಟು.

ಎರಡನೆಯದನ್ನು ಯಾರೂ ಕೇಳುವುದಿಲ್ಲ: ಬೆಸೆಯದ ಮೂಳೆಗಳನ್ನು ಹೇಗೆ ಕಾಪಾಡುತ್ತೀರಿ? ಮಕ್ಕಳ ಮೂಳೆಯ ಮೇಲಿನ ಪೊರೆ ದಪ್ಪ. ಹೊಸ ಮೂಳೆ ಕಟ್ಟುವುದೂ ಅದೇ. ಬೇಡದ ಕಡೆ ಅದನ್ನು ಕೆರೆದು ತೆಗೆದರೆ ಅಲ್ಲಿನ ಮೂಳೆಗಳು ತಾವಾಗಿಯೇ ಬೆಸೆದುಕೊಳ್ಳಬಹುದು. ಮೂಳೆಗಳ ನಡುವಿನ ಕೀಲು, ಬಿಗಿದು ಹಿಡಿದ ತಂತುಕಟ್ಟು ಹರಿದರೆ ಬೆಸುಗೆಯ ಆಚೆ ಗೂನು ಶುರುವಾಗಬಹುದು. ಹಾಗಾಗಿ ಒಳ್ಳೆ ಸರ್ಜನ್ ಅಂದಾಜಿನ ಮೇಲೆ ಹೋಗುವುದಿಲ್ಲ. ಟೇಬಲ್ ಮೇಲೇ ಎಕ್ಸ್‌ರೇ ತೆಗೆದು ಯಾವ ಮೂಳೆ ಅಂತ ಖಾತ್ರಿ ಮಾಡಿಕೊಂಡೇ ಮುಂದುವರಿಯುತ್ತಾರೆ.

ಬೆನ್ನುಹುರಿಯಲ್ಲಿ ಗಡ್ಡೆ ಇದ್ದರೆ ಲೆಕ್ಕ ಬೇರೆ. ಹುರಿಯ ಮೇಲಿನ ಮೂಳೆಯ ಮುಚ್ಚಳ ತೆಗೆಯಲೇಬೇಕು. ತೆಗೆದು ಬಿಸಾಕಿದರೆ ಮಕ್ಕಳಲ್ಲಿ ಮುಂದೆ ಬೆನ್ನು ಗೂನಾಗುವ ಭಯ ದೊಡ್ಡವರಿಗಿಂತ ಜಾಸ್ತಿ. ನಮ್ಮ ಕಡೆ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಂಡಿಯ, ಬಾಯಿಗಲ್ಲು ಸರಿಸಿ, ಜೋಳ ತೆಗೆದು, ಅದೇ ಕಲ್ಲು ವಾಪಸ್ ಮುಚ್ಚುತ್ತಿದ್ದರಲ್ಲ, ಹಾಗೆ ಮೂಳೆಯನ್ನೂ ವಾಪಸ್ ಕೂರಿಸಲು ಬರುತ್ತದೆ. ಲ್ಯಾಮಿನೋಪ್ಲಾಸ್ಟಿ ಅನ್ನುತ್ತಾರೆ. ಗೂನು ಬರುವುದೇ ಇಲ್ಲ ಅನ್ನುವ ಗ್ಯಾರಂಟಿ ಇದಕ್ಕೂ ಇಲ್ಲ. ಬೆಳವಣಿಗೆ ನಿಲ್ಲುವವರೆಗೆ ಚೆಕಪ್ ತಪ್ಪಿಸಬೇಡಿ.

ನರಗಳ ಮೇಲೆ ಕಣ್ಣಿಡುವ ನ್ಯೂರೋ ಮಾನಿಟರಿಂಗ್ ಇದೆಯಾ ಅಂತಲೂ ಕೇಳಿಬಿಡಿ.

ಆ ಹುಡುಗಿಯ ಬಾಗು 31 ಡಿಗ್ರಿ. ಸದ್ಯಕ್ಕೆ ಬ್ರೇಸ್, ದಿನಕ್ಕೆ 18 ಗಂಟೆ. ವಿಜಯಪುರದ ಬಿಸಿಲಲ್ಲಿ ಅದು ಸುಮ್ನೆ ಮಾತಲ್ಲ, ಒಳಗಿನ ಹತ್ತಿ ಬನಿಯನ್ ಮೂರು ಸಲ ಬದಲಾಗುತ್ತದೆ. ಈ ಪ್ರಶ್ನೆಗಳ ಚೀಟಿಯನ್ನು ತಾಯಿ ಎಕ್ಸ್‌ರೇ ಕವರಿನಲ್ಲೇ ಇಟ್ಟುಕೊಂಡಿದ್ದಾರೆ.